ಸೈಟ್ ಓಪನ್ ಆಗವಲ್ದು: ವೆಬ್ ಅಪ್ಲಿಕೇಶನ್ ದೋಷ ಹಿಡಿಯುವ ಕ್ರಮ, ಜೊತೆಗಾರರನ್ನು ಕೇಳುವ ರೀತಿ

“ಅಣ್ಣಾ, ಸೈಟ್ ಓಪನ್ ಆಗವಲ್ದು, ಒಂಚೂರು ನೋಡ್ರಿ.” ಹುಬ್ಬಳ್ಳಿ-ಧಾರವಾಡದ ಡೆವಲಪರ್‌ಗಳ ನಡುವೆ ಸಹಾಯದ ಮಾತು ಬಹಳ ಸಲ ಶುರುವಾಗುವುದೇ ಹೀಗೆ. ಈ ಒಂದು ವಾಕ್ಯದ ಹಿಂದೆ ಐದು ಬೇರೆ ಬೇರೆ ದೋಷಗಳು ಅಡಗಿರಬಹುದು. ಡೊಮೇನ್ ಹೆಸರು ಸರ್ವರ್‌ನ ಐಪಿ ವಿಳಾಸಕ್ಕೆ ತಿರುಗದಿರಬಹುದು. ಸೈಟಿನ ಗುರುತನ್ನು ಖಾತ್ರಿಪಡಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ರಿಕ್ವೆಸ್ಟ್‌ಗಳನ್ನು ಮೊದಲು ಪಡೆದು ಅಪ್ಲಿಕೇಶನ್‌ಗೆ ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಸರಿಯಿದ್ದು, ಅದರ ಹಿಂದಿನ ಅಪ್ಲಿಕೇಶನ್ ನಿಂತಿರಬಹುದು. ಡೇಟಾಬೇಸ್ ಸಂಪರ್ಕ ಸಿಗದಿರಬಹುದು. ಇಲ್ಲವೇ ಇವೆಲ್ಲ ಸರಿಯಿದ್ದು, ಜಾವಾಸ್ಕ್ರಿಪ್ಟ್ ಒಂದು ಸಾಲಿನಲ್ಲಿ ಮುರಿದು ಬರೀ ಬಿಳಿ ಪುಟ ಕಾಣುತ್ತಿರಬಹುದು. ದೋಷ ಯಾವ ಪದರದಲ್ಲಿದೆ ಎಂದು ಕೇಳುವವರೇ ಮೊದಲು ಗೊತ್ತುಮಾಡಿಕೊಂಡರೆ, ಉತ್ತರಿಸುವವರು ಅರ್ಧ ದಿನ ಊಹಿಸುತ್ತ ಕೂಡುವುದು ತಪ್ಪುತ್ತದೆ. ಈ ಕೈಪಿಡಿ ಇರುವುದು ಅದಕ್ಕಾಗಿ.

ಉದಾಹರಣೆಗೆ ಒಂದು ಅಪ್ಲಿಕೇಶನ್ ಇಟ್ಟುಕೊಳ್ಳೋಣ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರವನ್ನು ಕಡ್ಡಿ, ಡಬ್ಬಿ, ಗುಂಟೂರು ಎಂದು ತಳಿವಾರು ತೋರಿಸುವ ಸೈಟ್. ಮುಂದೆ ರಿಯಾಕ್ಟ್ ಪುಟ, ಹಿಂದೆ ನೋಡ್ ಅಥವಾ ಪಿಎಚ್‌ಪಿಯಲ್ಲಿ ಬರೆದ ಎಪಿಐ (ಪುಟಕ್ಕೆ ಮಾಹಿತಿ ಒದಗಿಸುವ ಸರ್ವರ್ ಕೋಡ್), ಡೇಟಾಬೇಸ್ ಮೈಎಸ್‌ಕ್ಯುಎಲ್, ಎಲ್ಲಕ್ಕೂ ಮುಂದೆ ಎಂಜಿನ್‌ಎಕ್ಸ್. ನೋಡುವವರು ಹಾವೇರಿ, ಗದಗ ಜಿಲ್ಲೆಗಳ ರೈತರು, ಬಹುಪಾಲು ಫೋನಿನಲ್ಲಿ.

ಮೊದಲ ಹೆಜ್ಜೆ: ನೆಟ್‌ವರ್ಕ್ ಟ್ಯಾಬ್

ಕೋಡ್ ತೆರೆಯುವ ಮುಂಚೆ ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಅಲ್ಲಿ ಲಾಗ್ ಉಳಿಸಿಕೊಳ್ಳುವ ಆಯ್ಕೆಗೂ ಕ್ಯಾಶ್ ನಿಲ್ಲಿಸುವ ಆಯ್ಕೆಗೂ ಟಿಕ್ ಹಾಕಿ, ಪುಟವನ್ನು ಮತ್ತೆ ಲೋಡ್ ಮಾಡಿ. ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ನೋಡುತ್ತ ಬಂದು ಮೊದಲ ಕೆಂಪು ಸಾಲಿನಲ್ಲಿ ನಿಲ್ಲಿ. ಅದರ ಕೆಳಗಿನ ಕೆಂಪು ಸಾಲುಗಳು ಹೆಚ್ಚಾಗಿ ಮೊದಲನೆಯದರ ಪರಿಣಾಮ. ಕೊನೆಯ ಎರರ್ ಹಿಡಿದು ಹಿಂದಕ್ಕೆ ಹುಡುಕುವವರು ಸುಮ್ಮನೆ ಸುತ್ತುತ್ತಾರೆ.

ಆ ಸಾಲಿನಲ್ಲಿ ಸ್ಟೇಟಸ್ ಸಂಖ್ಯೆಯೇ ಇಲ್ಲದಿದ್ದರೆ ರಿಕ್ವೆಸ್ಟ್ ಸರ್ವರ್‌ನ ಅಪ್ಲಿಕೇಶನ್ ಮುಟ್ಟಿಲ್ಲ, ಇಲ್ಲವೇ ಉತ್ತರ ಬಂದರೂ ಬ್ರೌಸರ್ ಅದನ್ನು ತಡೆದಿದೆ. ಡಿಎನ್‌ಎಸ್ (ಡೊಮೇನ್ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ), ಸರ್ಟಿಫಿಕೇಟ್, ಫೈರ್‌ವಾಲ್, ಸಿಒಆರ್‌ಎಸ್ (ಒಂದು ಸೈಟಿನ ಪುಟ ಇನ್ನೊಂದು ವಿಳಾಸದ ಉತ್ತರ ಓದಬಹುದೇ ಎಂಬ ಬ್ರೌಸರ್ ನಿಯಮ) ಈ ನಾಲ್ಕನ್ನು ನೋಡಿ. 400ರ ಸರಣಿ ಬಂದರೆ ರಿಕ್ವೆಸ್ಟ್‌ನಲ್ಲೇ ಏನೋ ತಪ್ಪಿದೆ. 500ರ ಸರಣಿ ಬಂದರೆ ಸರ್ವರ್‌ನ ಲಾಗ್‌ಗೆ ಹೋಗಬೇಕು, ಬ್ರೌಸರ್‌ನಲ್ಲಿ ಇನ್ನು ಹುಡುಕುವುದು ವ್ಯರ್ಥ. 200 ಬಂದೂ ಪುಟ ತಪ್ಪಾಗಿದ್ದರೆ ಆ ಸಾಲನ್ನು ಒತ್ತಿ ರೆಸ್ಪಾನ್ಸ್ ಓದಿ. ರೆಸ್ಪಾನ್ಸ್‌ನಲ್ಲಿ ದರ ಸರಿಯಿದ್ದು ಪುಟದಲ್ಲಿ ಇಲ್ಲವೆಂದರೆ ತಪ್ಪು ಮುಂಭಾಗದ ಕೋಡಿನದು. ರೆಸ್ಪಾನ್ಸ್‌ನಲ್ಲೇ ತಪ್ಪಿದ್ದರೆ ರಿಯಾಕ್ಟ್ ಫೈಲ್ ಮುಟ್ಟಲೇಬೇಡಿ.

ಫೋನಿನಲ್ಲಿ ಮಾತ್ರ ಬರುವ ದೋಷವಾದರೆ ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಹಚ್ಚಿ, ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ ತೆರೆಯಿರಿ. ಫೋನಿನ ಕನ್ಸೋಲ್ ಮತ್ತು ನೆಟ್‌ವರ್ಕ್ ಟ್ಯಾಬ್ ಎರಡೂ ಅಲ್ಲಿಯೇ ಕಾಣುತ್ತವೆ. ಕಂಪ್ಯೂಟರ್‌ನಲ್ಲಿ ಬೀಗದ ಗುರುತು ಸರಿಯಾಗಿ ಬಂದು ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಸರ್ಟಿಫಿಕೇಟ್ ಎರರ್ ಬಂದರೆ, ಸರ್ವರ್ ನಡುವಿನ (ಇಂಟರ್‌ಮೀಡಿಯೆಟ್) ಸರ್ಟಿಫಿಕೇಟನ್ನು, ಅಂದರೆ ಸೈಟಿನ ಸರ್ಟಿಫಿಕೇಟನ್ನು ಫೋನ್ ನಂಬುವ ಮೂಲ ಸರ್ಟಿಫಿಕೇಟ್‌ಗೆ ಜೋಡಿಸುವ ಕೊಂಡಿಯನ್ನು, ಕಳಿಸುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಕಂಪ್ಯೂಟರ್‌ನ ಬ್ರೌಸರ್ ಆ ಕೊಂಡಿಯನ್ನು ತಾನೇ ತಂದುಕೊಂಡೋ ಹಿಂದೆ ನೋಡಿದ್ದನ್ನು ಬಳಸಿಯೋ ತುಂಬಿಕೊಂಡಿರುತ್ತದೆ. ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ಸರ್ಟ್ ಫೈಲ್ ಇರುವ ಕಡೆ ಫುಲ್‌ಚೈನ್ ಫೈಲ್ ಕೊಟ್ಟರೆ ಮುಗಿಯಿತು. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ 90 ದಿನ ಆಯುಷ್ಯ. ತಾನಾಗಿ ನವೀಕರಣ ಆಗುವಂತೆ ಇಟ್ಟಿದ್ದರೂ, ನಡುವೆ ಯಾರಾದರೂ ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮುಚ್ಚಿದರೆ ಎಚ್‌ಟಿಟಿಪಿ ಮೂಲಕ ನಡೆಯುವ ಪರಿಶೀಲನೆ ಸೋತು ನವೀಕರಣ ಸದ್ದಿಲ್ಲದೆ ನಿಲ್ಲುತ್ತದೆ.

502, 504, 413

502 ಎಂದರೆ ಎಂಜಿನ್‌ಎಕ್ಸ್ ಬದುಕಿದೆ, ಅದರ ಹಿಂದಿನ ಪ್ರೋಗ್ರಾಂನಿಂದ ಸರಿಯಾದ ಉತ್ತರ ಸಿಗಲಿಲ್ಲ. ಎಂಜಿನ್‌ಎಕ್ಸ್‌ನ ಎರರ್ ಲಾಗ್ ತೆರೆದರೆ ಕಾರಣ ಒಂದು ಸಾಲಿನಲ್ಲಿ ಇರುತ್ತದೆ. ಕನೆಕ್ಷನ್ ರಿಫ್ಯೂಸ್ಡ್ ಎಂದಿದ್ದರೆ ಅಪ್ಲಿಕೇಶನ್ ನಿಂತಿದೆ ಅಥವಾ ಬೇರೆ ಪೋರ್ಟ್‌ನಲ್ಲಿ ನಡೆಯುತ್ತಿದೆ. ಪರ್ಮಿಷನ್ ಡಿನೈಡ್ ಎಂದಿದ್ದರೆ ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಕೋಡ್ ಓಡಿಸುವ ಸೇವೆ) ಎಂಜಿನ್‌ಎಕ್ಸ್ ಜೊತೆ ಮಾತಾಡುವ ಸಾಕೆಟ್ ಫೈಲ್‌ನ ಒಡೆತನ ತಪ್ಪಿದೆ. ನೋ ಸಚ್ ಫೈಲ್ ಎಂದಿದ್ದರೆ ಪಿಎಚ್‌ಪಿ ಆವೃತ್ತಿ ಏರಿಸಿದ ಮೇಲೆ ಸಾಕೆಟ್‌ನ ಹೆಸರು ಬದಲಾಗಿದೆ, ಕಾನ್ಫಿಗ್‌ನಲ್ಲಿ ಹಳೆಯ ಹೆಸರೇ ಉಳಿದಿದೆ. ಅಪ್ಲಿಕೇಶನ್ ಏಳುತ್ತ ಬೀಳುತ್ತ ಇದ್ದರೆ ಕರ್ನಲ್ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎಂಬ ಸಾಲು ಇದೆಯೇ ನೋಡಿ. 1 ಜಿಬಿ ರ‍್ಯಾಮ್‌ನ ಸಣ್ಣ ಸರ್ವರ್‌ನಲ್ಲಿ ಮೈಎಸ್‌ಕ್ಯುಎಲ್ ಮತ್ತು ನೋಡ್ ಬಿಲ್ಡ್ ಒಟ್ಟಿಗೆ ನಡೆದಾಗ ಕರ್ನಲ್ ಒಂದನ್ನು ಕೊಂದುಬಿಡುತ್ತದೆ. ಬಿಲ್ಡ್ ಬೇರೆ ಕಡೆ ಮಾಡಿ, ತಯಾರಾದ ಫೈಲ್‌ಗಳನ್ನಷ್ಟೇ ಸರ್ವರ್‌ಗೆ ತರಬೇಕು.

504 ಎಂದರೆ ಎಂಜಿನ್‌ಎಕ್ಸ್ ಹಿಂದಿನ ಪ್ರೋಗ್ರಾಂ ಉತ್ತರಿಸಲು ತಡಮಾಡಿತು. ಎಂಜಿನ್‌ಎಕ್ಸ್ ಹಿಂಬದಿಯ ಉತ್ತರಕ್ಕಾಗಿ 60 ಸೆಕೆಂಡ್ ಕಾಯುವುದು ಡಿಫಾಲ್ಟ್. ಅದನ್ನು 300 ಮಾಡಿ ಸುಮ್ಮನಾಗುವವರು ಬಹಳ. ಅದು ಪರಿಹಾರವಾಗದು, ಏಕೆಂದರೆ ದರಪಟ್ಟಿಗಾಗಿ ಒಂದು ನಿಮಿಷ ಕಾಯುವ ರೈತ ಯಾರೂ ಇಲ್ಲ. ನಿಧಾನದ ಡೇಟಾಬೇಸ್ ಕ್ವೆರಿ ಹುಡುಕಿ, ಅದಕ್ಕೆ ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ನಡೆಯುತ್ತದೆಂದು ತೋರಿಸುವ ಆದೇಶ) ಹಚ್ಚಿ ನೋಡಿ. ಇಡೀ ಟೇಬಲ್ ಓದುತ್ತಿದ್ದರೆ ತಳಿ ಮತ್ತು ದಿನಾಂಕ ಎರಡೂ ಸೇರಿದ ಇಂಡೆಕ್ಸ್ ಬೇಕು. ಡೇಟ್ ಫಂಕ್ಷನ್ ಒಳಗೆ ಕಾಲಂ ಹಾಕಿ ಹೋಲಿಸಿದ್ದರೆ ಇಂಡೆಕ್ಸ್ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ದಿನದ ಆರಂಭಕ್ಕೆ ಸಮ ಅಥವಾ ಹೆಚ್ಚು, ಮರುದಿನದ ಆರಂಭಕ್ಕಿಂತ ಕಡಿಮೆ ಎಂದು ಎರಡು ಷರತ್ತಾಗಿ ಬರೆಯಿರಿ.

413 ಎಂದರೆ ಕಳಿಸಿದ್ದು ಮಿತಿಗಿಂತ ದೊಡ್ಡದು. ಅದು ಬರುವುದು ಪಹಣಿಯ ಫೋಟೋ ಹಾಕುವಂಥ ಫಾರಂಗಳಲ್ಲಿ. ಫೋನಿನ ಕ್ಯಾಮರಾ ಫೋಟೋ ಸುಲಭವಾಗಿ 3ರಿಂದ 5 ಎಂಬಿ ಇರುತ್ತದೆ. ಎಂಜಿನ್‌ಎಕ್ಸ್‌ನ ಡಿಫಾಲ್ಟ್ ಮಿತಿ 1 ಎಂಬಿ. ಅದನ್ನು ಏರಿಸಿದ ಮೇಲೂ ಫೋಟೋ ಬರುವುದಿಲ್ಲ, ಏಕೆಂದರೆ ಪಿಎಚ್‌ಪಿಯಲ್ಲಿ ಒಂದು ಫೈಲ್‌ಗೆ 2 ಎಂಬಿ, ಇಡೀ ಪೋಸ್ಟ್‌ಗೆ 8 ಎಂಬಿ ಎಂದು ಬೇರೆ ಎರಡು ಮಿತಿಗಳಿವೆ. ಪೋಸ್ಟ್ ಮಿತಿ ದಾಟಿದರೆ ಪಿಎಚ್‌ಪಿ ನಿಮ್ಮ ಕೋಡಿಗೆ ಖಾಲಿ ಪೋಸ್ಟ್ ಕೊಡುತ್ತದೆ. ಆಗ ಹೆಸರು ತುಂಬಿದ್ದರೂ “ಹೆಸರು ಕಡ್ಡಾಯ” ಎಂಬ ಸಂದೇಶ ಬರುತ್ತದೆ, ಡೆವಲಪರ್ ವ್ಯಾಲಿಡೇಶನ್ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂಡುತ್ತಾರೆ. ಮೂರೂ ಮಿತಿಗಳನ್ನು ಒಟ್ಟಿಗೆ ಏರಿಸಿ, ಎರಡೂ ಸೇವೆಗಳನ್ನು ರೀಲೋಡ್ ಮಾಡಿ. ಅದಕ್ಕಿಂತ ಒಳ್ಳೆಯದು, ಫೋಟೋವನ್ನು ಬ್ರೌಸರ್‌ನಲ್ಲೇ ಕುಗ್ಗಿಸಿ ಕಳಿಸುವುದು. ಹಳ್ಳಿಯ ನೆಟ್‌ವರ್ಕ್‌ನಲ್ಲಿ 5 ಎಂಬಿ ಮೇಲೇರಿಸುವುದು ಕಷ್ಟ.

ಸಿಒಆರ್‌ಎಸ್ ಎಂದು ಬರೆದಿದ್ದರೂ ಸಿಒಆರ್‌ಎಸ್ ಆಗಿರಲಿಕ್ಕಿಲ್ಲ

ಎಪಿಐ ಪರೀಕ್ಷಿಸುವ ಪೋಸ್ಟ್‌ಮನ್ ತಂತ್ರಾಂಶದಲ್ಲಿ ಎಪಿಐ ನಡೆಯುತ್ತದೆ, ಬ್ರೌಸರ್‌ನಲ್ಲಿ ಸಿಒಆರ್‌ಎಸ್ ಎಂದು ಕೆಂಪಾಗುತ್ತದೆ. ಈ ತಡೆ ಹಾಕುವುದು ಬ್ರೌಸರ್ ಒಂದೇ, ಪೋಸ್ಟ್‌ಮನ್‌ಗೂ ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್‌ಗೂ ಅದು ಇಲ್ಲ. ಸ್ಕೀಮ್, ಹೋಸ್ಟ್, ಪೋರ್ಟ್ ಈ ಮೂರರಲ್ಲಿ ಒಂದು ಬೇರೆಯಾದರೂ ಬ್ರೌಸರ್‌ಗೆ ಅದು ಬೇರೆ ಒರಿಜಿನ್. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸ, ಇಲ್ಲದ ವಿಳಾಸ ಎರಡೂ ಬೇರೆ ಬೇರೆ.

ಆದರೆ ಒಂದು ಸೂಕ್ಷ್ಮವಿದೆ. ಎಪಿಐ ಒಳಗೆ 500 ಎರರ್ ಆದಾಗ, ಸಿಒಆರ್‌ಎಸ್ ಹೆಡರ್ ಸೇರಿಸುವ ಕೋಡ್ ನಡೆಯುವ ಮುಂಚೆಯೇ ಉತ್ತರ ಹೊರಬೀಳುವುದುಂಟು. ಹೆಡರ್ ಇಲ್ಲದ ಉತ್ತರ ಕಂಡ ಬ್ರೌಸರ್ ಕನ್ಸೋಲ್‌ನಲ್ಲಿ ಸಿಒಆರ್‌ಎಸ್ ಎಂದೇ ಬರೆಯುತ್ತದೆ. ಎಂಜಿನ್‌ಎಕ್ಸ್ ತಾನೇ ಕೊಟ್ಟ 413, 502ರಲ್ಲೂ ಹೀಗೇ. ಎಂಜಿನ್‌ಎಕ್ಸ್‌ನಲ್ಲಿ ಆಡ್ ಹೆಡರ್ ಸಾಲಿನ ಕೊನೆಗೆ ಆಲ್ವೇಸ್ ಎಂಬ ಪದ ಇಲ್ಲದಿದ್ದರೆ ಎರರ್ ಉತ್ತರಗಳಿಗೆ ಆ ಹೆಡರ್ ಹೋಗುವುದೇ ಇಲ್ಲ. ಹಾಗಾಗಿ ಅದೇ ರಿಕ್ವೆಸ್ಟನ್ನು ನೆಟ್‌ವರ್ಕ್ ಟ್ಯಾಬ್‌ನಿಂದ ಕರ್ಲ್ ರೂಪದಲ್ಲಿ ಕಾಪಿ ಮಾಡಿ ಟರ್ಮಿನಲ್‌ನಲ್ಲಿ ಓಡಿಸಿ, ನಿಜವಾದ ಸ್ಟೇಟಸ್ ನೋಡಿ. 500 ಬಂದರೆ ಸಿಒಆರ್‌ಎಸ್ ಬಿಟ್ಟು ಸರ್ವರ್ ಲಾಗ್ ಹಿಡಿಯಿರಿ. 200 ಬಂದರೆ ಅಸಲಿ ರಿಕ್ವೆಸ್ಟ್‌ಗೂ ಮುಂಚೆ ಬ್ರೌಸರ್ ಅನುಮತಿ ಕೇಳಲು ಕಳಿಸುವ ಆಪ್ಷನ್ಸ್ ವಿಧಾನದ ಪ್ರಿಫ್ಲೈಟ್ ರಿಕ್ವೆಸ್ಟ್‌ಗೆ ಏನು ಉತ್ತರ ಹೋಗುತ್ತಿದೆ ನೋಡಿ. ಲಾಗಿನ್ ಕೇಳುವ ಮಿಡಲ್‌ವೇರ್ ಪ್ರಿಫ್ಲೈಟ್‌ಗೂ 401 ಕೊಡುತ್ತಿರುವುದು ಬಹಳ ಕಡೆ ಕಾಣುವ ತಪ್ಪು. ಕುಕಿ ಕಳಿಸುವ ಎಪಿಐ ಆದರೆ ಸಿಒಆರ್‌ಎಸ್ ಹೆಡರ್‌ನಲ್ಲಿ ‘ಯಾರಾದರೂ ಸರಿ’ ಎನ್ನುವ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ, ಒರಿಜಿನ್ ಹೆಸರನ್ನು ಪೂರ್ತಿ ಬರೆಯಬೇಕು.

ಕನ್ನಡ ಅಕ್ಷರ ಕೆಟ್ಟಾಗ

ನಮ್ಮ ಭಾಗದ ಸೈಟ್‌ಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಇದು. ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ವಿವರ ಸಿಗುವುದು ಕಡಿಮೆ. “ಕನ್ನಡ ಸರಿ ಬರವಲ್ದು” ಎಂದಷ್ಟೇ ಹೇಳಿದರೆ ಯಾರಿಂದಲೂ ಏನೂ ಮಾಡಲಾಗದು. ಹೇಗೆ ಕೆಟ್ಟಿದೆ ಎಂಬುದೇ ಕಾರಣವನ್ನು ಹೇಳುತ್ತದೆ.

ಅಕ್ಷರದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದರೆ ಮಾಹಿತಿ ಹೋಗಿಯೇಬಿಟ್ಟಿದೆ. ಕನ್ನಡ ಗೊತ್ತಿಲ್ಲದ ಕ್ಯಾರೆಕ್ಟರ್ ಸೆಟ್‌ಗೆ, ಹೆಚ್ಚಾಗಿ ಲ್ಯಾಟಿನ್1ಗೆ, ಬರೆಯುವಾಗ ಮೈಎಸ್‌ಕ್ಯುಎಲ್ ಪ್ರತಿ ಅಕ್ಷರವನ್ನೂ ಪ್ರಶ್ನಾರ್ಥಕವಾಗಿ ಮಾಡಿ ಉಳಿಸಿದೆ. ಕಾಲಂ, ಕನೆಕ್ಷನ್ ಎರಡರ ಸೆಟ್ಟನ್ನೂ ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್‌ನ ಪೂರ್ಣ ಯುನಿಕೋಡ್ ಸೆಟ್) ಮಾಡಿ, ಹಳೆಯ ಮಾಹಿತಿಯನ್ನು ಬ್ಯಾಕಪ್‌ನಿಂದ ತರಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ: ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8ನಲ್ಲಿ ಕನ್ನಡ ಹಿಡಿಸುವುದಿಲ್ಲ ಎಂದು. ಹಿಡಿಸುತ್ತದೆ. ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯುನಿಕೋಡ್ ಸಂಖ್ಯೆಯುಳ್ಳ ಪ್ರತಿ ಅಕ್ಷರ ಅಥವಾ ಚಿಹ್ನೆಗೆ) 3 ಬೈಟ್, ಆ ಹಳೆಯ ಸೆಟ್ಟಿನ ಮಿತಿಯೂ 3 ಬೈಟ್. ಅಲ್ಲಿ ಸೋಲುವುದು 4 ಬೈಟ್ ಬೇಡುವ ಎಮೋಜಿ. ಎಮೋಜಿ ಹಾಕಿದ ಕಾಮೆಂಟ್ ಮಾತ್ರ ಉಳಿಯುತ್ತಿಲ್ಲ, ಉಳಿದ ಕನ್ನಡ ಸರಿಯಿದೆ ಎಂದರೆ ಕಾರಣ ಅದು.

ಇಂಗ್ಲಿಷ್ ಎ ಅಕ್ಷರದ ತಲೆಯ ಮೇಲೆ ಓರೆಗೆರೆ, ಪಕ್ಕದಲ್ಲಿ ಮೇಲಕ್ಕೇರಿದ ಸಣ್ಣ 2 ಅಥವಾ 3, ಹೀಗೇ ಉದ್ದಕ್ಕೆ ಬಂದಿದ್ದರೆ ಬೈಟ್‌ಗಳು ಉಳಿದಿವೆ, ಓದುವ ರೀತಿ ತಪ್ಪಿದೆ. ಕನ್ನಡದ ಬೈಟ್‌ಗಳು ಇ0 ಬಿ2 ಅಥವಾ ಇ0 ಬಿ3ಯಿಂದ ಶುರುವಾಗುವುದರಿಂದ ಆ ಚಿಹ್ನೆಗಳೇ ಮರುಕಳಿಸುತ್ತವೆ. ಡೇಟಾಬೇಸ್‌ನಲ್ಲಿ ಬೈಟ್‌ಗಳನ್ನು ಇದ್ದಂತೆ ತೋರಿಸುವ ಹೆಕ್ಸ್ ಫಂಕ್ಷನ್ ಹಚ್ಚಿ ನೋಡಿದರೆ ಸಂಶಯ ಉಳಿಯುವುದಿಲ್ಲ. ‘ಕ’ ಅಕ್ಷರಕ್ಕೆ ಇ0ಬಿ295 ಎಂದು ಬಂದರೆ ಉಳಿದಿರುವ ಬೈಟ್ ಸರಿಯಿದೆ. ಸಿ3ಎ0ಸಿ2ಬಿ2ಇ280ಎ2 ಎಂದು ಬಂದರೆ ಎರಡು ಸಲ ಎನ್‌ಕೋಡ್ ಆಗಿದೆ. 3ಎಫ್ ಬಂದರೆ ಮೇಲೆ ಹೇಳಿದ ಪ್ರಶ್ನಾರ್ಥಕ.

ಬೈಟ್ ಸರಿಯಿದ್ದು ಕಾಲಂ ಲ್ಯಾಟಿನ್1 ಆಗಿರುವುದು ಹಳೆಯ ಪಿಎಚ್‌ಪಿ ಸೈಟ್‌ಗಳಲ್ಲಿ ಸಾಮಾನ್ಯ. ಹಳೆಯ ಪುಟದಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ, ಅದೇ ಡೇಟಾಬೇಸ್‌ಗೆ ಹೊಸ ನೋಡ್ ಎಪಿಐ ಜೋಡಿಸಿದ ದಿನ ಕೆಡುತ್ತದೆ. ಆ ಕಾಲಂ ಅನ್ನು ನೇರವಾಗಿ ಯುಟಿಎಫ್8ಎಂಬಿ4ಗೆ ಬದಲಿಸಿದರೆ ಎರಡು ಸಲದ ಎನ್‌ಕೋಡಿಂಗ್ ಆಗಿ ಇನ್ನೂ ಕೆಡುತ್ತದೆ. ಮೊದಲು ಕಾಲಂ ಅನ್ನು ವಾರ್‌ಬೈನರಿ ಅಥವಾ ಬ್ಲಾಬ್ ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಪಠ್ಯವಾಗಿ ಮಾಡಬೇಕು. ಈಗಾಗಲೇ ಎರಡು ಸಲ ಎನ್‌ಕೋಡ್ ಆದ ಸಾಲುಗಳಿಗೆ ಲ್ಯಾಟಿನ್1ಗೆ ತಿರುಗಿಸಿ, ಬೈನರಿ ಮಾಡಿ, ಮತ್ತೆ ಯುಟಿಎಫ್8ಎಂಬಿ4ಗೆ ತಿರುಗಿಸುವ ಅಪ್‌ಡೇಟ್ ಬರೆಯಬೇಕು. ಸರಿಯಿರುವ ಸಾಲುಗಳ ಮೇಲೆ ಅದು ಓಡದಂತೆ ಹೆಕ್ಸ್ ಷರತ್ತನ್ನು ಕಡ್ಡಾಯವಾಗಿ ಸೇರಿಸಿ.

ವಿಂಡೋಸ್‌ನಲ್ಲಿ ಪೈಥಾನ್ ಸ್ಕ್ರಿಪ್ಟ್‌ನಿಂದ ಕನ್ನಡ ಸಿಎಸ್‌ವಿ ಓದುವಾಗ “ಚಾರ್‌ಮ್ಯಾಪ್ ಕೋಡೆಕ್, 8ಡಿ ಬೈಟ್ ಡಿಕೋಡ್ ಆಗುವುದಿಲ್ಲ” ಎಂಬರ್ಥದ ಎರರ್ ಬರುವುದಕ್ಕೂ ಇದೇ ಬೇರು. ಅರ್ಧಾಕ್ಷರದ ವಿರಾಮ ಚಿಹ್ನೆಯ (್) ಮೂರನೇ ಬೈಟ್ 8ಡಿ. ವಿಂಡೋಸ್‌ನ 1252 ಕೋಡ್‌ಪೇಜ್‌ನಲ್ಲಿ ಆ ಜಾಗ ಖಾಲಿ. ಒತ್ತಕ್ಷರವಿಲ್ಲದ ಕನ್ನಡ ಪಠ್ಯ ಸಿಗುವುದೇ ಅಪರೂಪವಾದ್ದರಿಂದ ಈ ಎರರ್ ತಪ್ಪದೆ ಬರುತ್ತದೆ. ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದರೆ ಸಾಕು. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಕೊಡುತ್ತಿದ್ದರೆ ಫೈಲ್‌ನ ತಲೆಗೆ ಇಎಫ್ ಬಿಬಿ ಬಿಎಫ್ ಎಂಬ ಮೂರು ಬೈಟ್ ಬಿಒಎಂ (ಇದು ಯುಟಿಎಫ್-8 ಎಂದು ತಿಳಿಸುವ ಗುರುತು) ಸೇರಿಸಿ. ಇಲ್ಲದಿದ್ದರೆ ಡಬಲ್ ಕ್ಲಿಕ್ ಮಾಡಿ ತೆರೆದವರಿಗೆ ಓರೆಗೆರೆಯ ಎ ಅಕ್ಷರಗಳೇ ಕಾಣುತ್ತವೆ.

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಕಡತದಿಂದ ಕಾಪಿ ಮಾಡಿದ ಪಠ್ಯ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುವುದು ಬೇರೆ ವಿಷಯ. ಅದು ಯುನಿಕೋಡ್ ಅಲ್ಲ, ಡೇಟಾಬೇಸ್‌ನಲ್ಲಿ ಏನು ತಿರುಗಿಸಿದರೂ ಸರಿಯಾಗದು. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಿಂದ ಮೊದಲು ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಂದ ಓದಿ ತಿದ್ದಿದ ಮೇಲೆಯೇ ಒಳಗೆ ಹಾಕಿ.

ಉದ್ದದ ಲೆಕ್ಕವನ್ನೂ ನೋಡಬೇಕು. ‘ಹುಬ್ಬಳ್ಳಿ’ ಕಣ್ಣಿಗೆ 3 ಅಕ್ಷರ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ 9 ಎನ್ನುತ್ತದೆ. ಬೈಟ್ ಎಣಿಸುವ ಪಿಎಚ್‌ಪಿಯ ಸ್ಟ್ರಲೆನ್ 27 ಎನ್ನುತ್ತದೆ, ಕೋಡ್‌ಪಾಯಿಂಟ್ ಎಣಿಸುವ ಎಂಬಿ ಸ್ಟ್ರಲೆನ್ 9 ಎನ್ನುತ್ತದೆ. ವಿಳಾಸದಲ್ಲಿ ಪರ್ಸೆಂಟ್ ಎನ್‌ಕೋಡ್ ಆದಾಗ ಅದೇ ಹೆಸರು 81 ಅಕ್ಷರ. ಸುದ್ದಿಯ ಸಾರಾಂಶವನ್ನು ಪಿಎಚ್‌ಪಿಯ ಸಾದಾ ಸಬ್‌ಸ್ಟ್ರಿಂಗ್‌ನಿಂದ 100ಕ್ಕೆ ಕತ್ತರಿಸಿದರೆ ಒಂದು ಅಕ್ಷರದ ಮಧ್ಯದ ಬೈಟ್‌ನಲ್ಲಿ ಕತ್ತರಿ ಬೀಳಬಹುದು. ಆಮೇಲೆ ಜೇಸನ್ ಎನ್‌ಕೋಡ್ ಆ ಒಂದು ಮುರಿದ ಅಕ್ಷರಕ್ಕಾಗಿ ಇಡೀ ಪಟ್ಟಿಗೆ ಫಾಲ್ಸ್ ಕೊಡುತ್ತದೆ, ಎಪಿಐ 200 ಸ್ಟೇಟಸ್‌ನೊಂದಿಗೆ ಖಾಲಿ ಉತ್ತರ ಕಳಿಸುತ್ತದೆ. ನಿನ್ನೆವರೆಗೆ ಬರುತ್ತಿದ್ದ ಪಟ್ಟಿ ಒಂದು ಹೊಸ ಸುದ್ದಿ ಸೇರಿಸಿದ ಕೂಡಲೇ ಮಾಯವಾದರೆ ಇದನ್ನೇ ಮೊದಲು ನೋಡಿ. ಜೇಸನ್‌ನ ಕೊನೆಯ ಎರರ್ ಸಂದೇಶ ಮುದ್ರಿಸಿದರೆ ಮಾಲ್‌ಫಾರ್ಮ್ಡ್ ಯುಟಿಎಫ್-8 ಎಂದು ಹೇಳುತ್ತದೆ. ಎಂಬಿ ಸಬ್‌ಸ್ಟ್ರಿಂಗ್ ಬಳಸಿ. ಅದೂ ಒತ್ತಕ್ಷರದ ನಡುವೆ ಕತ್ತರಿಸಬಹುದು, ಆದ್ದರಿಂದ ಹಿಂದಿನ ಖಾಲಿ ಜಾಗಕ್ಕೆ ಸರಿದು ಪದದ ಗಡಿಯಲ್ಲಿ ನಿಲ್ಲಿಸುವುದು ಸರಿ. ಎಸ್‌ಎಂಎಸ್‌ನಲ್ಲಿ ಕನ್ನಡ ಸಂದೇಶಕ್ಕೆ 160ರ ಮಿತಿ ಇಲ್ಲ, 70. ಉದ್ದವಾಗಿ ತುಂಡಾದರೆ ಪ್ರತಿ ತುಂಡಿಗೆ 67. ಒತ್ತಕ್ಷರ ಒಂದಕ್ಕೆ ಮೂರು ಕೋಡ್‌ಪಾಯಿಂಟ್ ಖರ್ಚಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಹುಡುಕಿದರೆ ‘ರೋಣ’ ಸಿಗುತ್ತಿಲ್ಲ, ಪಟ್ಟಿಯಲ್ಲಿ ಮಾತ್ರ ಕಾಣುತ್ತಿದೆ ಎಂಬ ದೂರು ಬಂದರೆ ಎರಡೂ ಕಡೆಯ ಕೋಡ್‌ಪಾಯಿಂಟ್ ಎಣಿಸಿ. ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆದರೆ ರೋಣ 3 ಕೋಡ್‌ಪಾಯಿಂಟ್. ಎತ್ವ, ಊತ್ವದ ಕೊಂಬು, ದೀರ್ಘ ಚಿಹ್ನೆ ಎಂದು ಬಿಡಿಯಾಗಿ ಬಂದರೆ 5. ಕಣ್ಣಿಗೆ ಒಂದೇ, ಜಾವಾಸ್ಕ್ರಿಪ್ಟ್ ಹೋಲಿಕೆಗೆ ಬೇರೆ. ಒಳಗೆ ಬರುವ ಪ್ರತಿ ಪಠ್ಯವನ್ನೂ, ಹುಡುಕುವ ಪದವನ್ನೂ ನಾರ್ಮಲೈಸ್ ಫಂಕ್ಷನ್‌ನಿಂದ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸಿದ) ರೂಪಕ್ಕೆ ತನ್ನಿ. ಕಾಣದ ಜೋಡಕ, ಬಿಡಿಸುವ ಚಿಹ್ನೆಗಳನ್ನು (ಝಡ್‌ಡಬ್ಲ್ಯುಜೆ, ಝಡ್‌ಡಬ್ಲ್ಯುಎನ್‌ಜೆ) ಹುಡುಕಾಟದ ಕಾಲಂನಿಂದ ತೆಗೆಯಿರಿ, ತೋರಿಸುವ ಕಾಲಂನಲ್ಲಿ ಇರಲಿ.

ಶೀರ್ಷಿಕೆಯಿಂದ ಪುಟದ ವಿಳಾಸದ ತುಣುಕು (ಸ್ಲಗ್) ಮಾಡುವ ರೆಜೆಕ್ಸ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಎ-ಯಿಂದ-ಝಡ್ ಮಾತ್ರ ಉಳಿಸಿಕೊಂಡರೆ ಕನ್ನಡ ಶೀರ್ಷಿಕೆಯ ಸ್ಲಗ್ ಖಾಲಿಯಾಗಿ, ಎರಡನೇ ಲೇಖನ ಸೇರಿಸುವಾಗ ಡೂಪ್ಲಿಕೇಟ್ ಎರರ್ ಬರುತ್ತದೆ. ಯುನಿಕೋಡ್ ಅಕ್ಷರ ವರ್ಗವನ್ನಷ್ಟೇ ಸೇರಿಸಿದರೂ ಸಾಲದು. ಆಗ ಹುಬ್ಬಳ್ಳಿ ‘ಹಬಬಳಳ’ ಆಗುತ್ತದೆ, ಏಕೆಂದರೆ ಗುಣಿತದ ಚಿಹ್ನೆಗಳೂ ವಿರಾಮವೂ ಮಾರ್ಕ್ ಎಂಬ ಬೇರೆ ವರ್ಗಕ್ಕೆ ಸೇರಿವೆ. ಲೆಟರ್, ಮಾರ್ಕ್, ನಂಬರ್ ಮೂರೂ ವರ್ಗ ಬೇಕು, ಯು ಫ್ಲ್ಯಾಗ್ ಕೂಡ.

ಪಿಡಿಎಫ್ ರಸೀದಿಯಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಎನ್‌ಕೋಡಿಂಗ್ ತಪ್ಪಿಲ್ಲ. ಡಾಂಪಿಡಿಎಫ್, ಎಫ್‌ಪಿಡಿಎಫ್, ಜೆಎಸ್‌ಪಿಡಿಎಫ್ ಎಂಬ ಪಿಡಿಎಫ್ ಲೈಬ್ರರಿಗಳಿಗೆ ಕನ್ನಡದ ಅಕ್ಷರ ಜೋಡಣೆ ಬರುವುದಿಲ್ಲ. ಹೆಡ್‌ಲೆಸ್ (ಪರದೆಯಿಲ್ಲದೆ ಓಡುವ) ಕ್ರೋಮ್‌ನಿಂದ ಪಿಡಿಎಫ್ ಮಾಡಿಸಿ, ಅಥವಾ ಎಂಪಿಡಿಎಫ್‌ನಲ್ಲಿ ಒಟಿಎಲ್ ಆಯ್ಕೆ ಹಚ್ಚಿ. ಅಕ್ಷರದ ಬದಲು ಚೌಕಗಳು ಬಂದರೆ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ, ನೋಟೋ ಸ್ಯಾನ್ಸ್ ಕನ್ನಡ ಹಾಕಿ.

ಫೋನ್ ನಂಬರ್, ತಾರೀಖು, ಊರ ಹೆಸರು

ಎಲ್ಲ ರೈತರ ಮೊಬೈಲ್ ಸಂಖ್ಯೆಯೂ 2147483647 ಎಂದು ಉಳಿದಿದ್ದರೆ ಕಾಲಂ ಇಂಟ್ (ಪೂರ್ಣಾಂಕ) ಆಗಿದೆ. ಅದು ಇಂಟ್ ಹಿಡಿಯುವ ಅತಿ ದೊಡ್ಡ ಸಂಖ್ಯೆ, 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ನಮ್ಮ ಮೊಬೈಲ್ ಸಂಖ್ಯೆಗಳೆಲ್ಲ ಅದಕ್ಕಿಂತ ದೊಡ್ಡವು. ಸ್ಟ್ರಿಕ್ಟ್ ಮೋಡ್ ಇದ್ದರೆ ಎರರ್ ಬಂದು ಉಳಿಯುವುದೇ ಇಲ್ಲ, ಇಲ್ಲದಿದ್ದರೆ ಹೀಗೆ ಮೌನವಾಗಿ ಕೆಡುತ್ತದೆ. ಬಿಗ್‌ಇಂಟ್ ಮಾಡಿದರೆ ಹುಬ್ಬಳ್ಳಿಯ 0836ರ ಮುಂದಿನ ಸೊನ್ನೆ ಹೋಗುತ್ತದೆ. ಫೋನ್ ಸಂಖ್ಯೆಯನ್ನು ಯಾರೂ ಕೂಡಿಸಿ ಕಳೆಯುವುದಿಲ್ಲ, ಅದು ಪಠ್ಯವಾಗಿಯೇ ಇರಲಿ.

ಬೆಳಿಗ್ಗೆ 5:30ರ ಮುಂಚೆ ಸೇರಿಸಿದ ದಾಖಲೆ ಹಿಂದಿನ ದಿನದ್ದಾಗಿ ಕಂಡರೆ ಸರ್ವರ್ ಯುಟಿಸಿಯಲ್ಲಿದೆ, ಎಲ್ಲೋ ಒಂದು ಕಡೆ ಐಎಸ್‌ಟಿಗೆ ತಿರುಗಿಸುವುದು ಬಿಟ್ಟುಹೋಗಿದೆ. ಜಾವಾಸ್ಕ್ರಿಪ್ಟ್‌ನ ಟುಐಎಸ್‌ಒಸ್ಟ್ರಿಂಗ್‌ನಿಂದ ಮೊದಲ ಹತ್ತು ಅಕ್ಷರ ಕತ್ತರಿಸಿ ಇಂದಿನ ದಿನಾಂಕ ಎಂದು ಬಳಸುವ ಕೋಡ್ ಇದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಡೇಟಾಬೇಸ್‌ನಲ್ಲಿ ಯುಟಿಸಿ ಉಳಿಸಿ, ತೋರಿಸುವಾಗ ಏಷ್ಯಾ/ಕೋಲ್ಕತ್ತಾ ವಲಯಕ್ಕೆ ತಿರುಗಿಸಿ. ಮಾರುಕಟ್ಟೆಯ ದಿನವನ್ನು ಮಾತ್ರ ಸಮಯವಿಲ್ಲದ ದಿನಾಂಕವಾಗಿ ಇಡಿ.

ಎರಡು ಮೂಲಗಳ ಮಾಹಿತಿ ಕೂಡಿಸಿದಾಗ ಊರುಗಳು ಹೊಂದದಿದ್ದರೆ ಹೆಸರಿನಿಂದ ಜಾಯಿನ್ ಮಾಡಿದ್ದೀರಿ. 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲಿ ಹುಬ್ಳಿ ಹೋಗಿ ಹುಬ್ಬಳ್ಳಿ ಆಯಿತು, ಹಳೆಯ ಪಟ್ಟಿಗಳಲ್ಲಿ ಎರಡೂ ಕಾಗುಣಿತಗಳಿವೆ. ಊರಿಗೊಂದು ಕೋಡ್ ಇಟ್ಟು ಅದರಿಂದಲೇ ಜೋಡಿಸಿ.

ಮಾರುಕಟ್ಟೆ ದಿನ ಮಾತ್ರ ಬೀಳುವ ಸೈಟ್

ಬ್ಯಾಡಗಿಯಲ್ಲಿ ಟೆಂಡರ್ ನಡೆಯುವ ಸೋಮವಾರ, ಗುರುವಾರ ಮಾತ್ರ ಸೈಟ್ ನಿಂತು, ಉಳಿದ ದಿನ ಸರಾಗ ನಡೆದರೆ ಲಾಗ್‌ನಲ್ಲಿ ಟೂ ಮೆನಿ ಕನೆಕ್ಷನ್ಸ್ ಹುಡುಕಿ. ಮೈಎಸ್‌ಕ್ಯುಎಲ್‌ನ ಡಿಫಾಲ್ಟ್ ಮಿತಿ 151. ನೋಡ್‌ನ 4 ವರ್ಕರ್‌ಗಳು ತಲಾ 40 ಕನೆಕ್ಷನ್‌ನ ಪೂಲ್ (ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳ ಗುಂಪು) ಇಟ್ಟುಕೊಂಡರೆ 160 ಆಯಿತು, ದಟ್ಟಣೆ ಬಂದಾಗ ಮಾತ್ರ ಮಿತಿ ಮೀರುತ್ತದೆ. ಮಿತಿ ಏರಿಸುವುದಕ್ಕಿಂತ ಪೂಲ್ ಇಳಿಸುವುದು ಒಳ್ಳೆಯದು. ತಲಾ 10 ಬಹುತೇಕ ಸಾಕು. ಪ್ರಾಸೆಸ್‌ಲಿಸ್ಟ್ ತೆಗೆದಾಗ ನೂರಾರು ಕನೆಕ್ಷನ್ ಸ್ಲೀಪ್ ಸ್ಥಿತಿಯಲ್ಲಿದ್ದರೆ ಕೋಡ್ ಕನೆಕ್ಷನ್ ಪಡೆದು ಹಿಂದಿರುಗಿಸುತ್ತಿಲ್ಲ. ಎರರ್ ಆದ ದಾರಿಯಲ್ಲಿ ರಿಲೀಸ್ ಮರೆತಿರುತ್ತಾರೆ. ರಿಲೀಸ್ ಕರೆಯನ್ನು ಫೈನಲಿ ಬ್ಲಾಕ್‌ಗೆ ಹಾಕಿ.

ಜೊತೆಗೆ ಪ್ರತಿ ತಳಿಗೂ ಲೂಪ್‌ನಲ್ಲಿ ಬೇರೆ ಕ್ವೆರಿ ಹೋಗುತ್ತಿದೆಯೇ ನೋಡಿ. ದರ ದಿನಕ್ಕೆ ಕೆಲವೇ ಸಲ ಬದಲಾಗುವ ಮಾಹಿತಿ. 60 ಸೆಕೆಂಡ್ ಕ್ಯಾಶ್ ಇಟ್ಟರೂ ಸಾವಿರಾರು ಜನ ಒಂದೇ ನಿಮಿಷದಲ್ಲಿ ತೆರೆದಾಗ ಡೇಟಾಬೇಸ್‌ಗೆ ಒಂದೆರಡು ಕ್ವೆರಿ ಮಾತ್ರ ಹೋಗುತ್ತದೆ.

“ನನ್ನ ಮಷೀನ್‌ನ್ಯಾಗ ನಡೀತೈತಿ”

ಇಲ್ಲಿ ನಡೆದು ಸರ್ವರ್‌ನಲ್ಲಿ ನಡೆಯದಿದ್ದರೆ ಮೊದಲು ಫೈಲ್ ಹೆಸರು. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಒಂದೇ, ಲಿನಕ್ಸ್‌ಗೆ ಬೇರೆ. ದೊಡ್ಡಕ್ಷರದಿಂದ ಶುರುವಾದ ಲೋಗೋ ಫೈಲ್‌ಗೆ ಸರ್ವರ್‌ನಲ್ಲಿ 404 ಬರುತ್ತದೆ. ಪಾಸ್‌ವರ್ಡ್, ಕೀಗಳಿರುವ ಎನ್ವಿರಾನ್‌ಮೆಂಟ್ ಫೈಲ್ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ) ಇರುವುದಿಲ್ಲ, ಇರಲೂಬಾರದು, ಆದ್ದರಿಂದ ಸರ್ವರ್‌ನಲ್ಲಿ ಹೊಸ ಕೀ ಸೇರಿಸಿದ್ದೀರಾ ನೋಡಿ. ಅಪ್ಲಿಕೇಶನ್‌ಗಳನ್ನು ಬೇರೆ ಬೇರೆ ಕಂಟೇನರ್‌ನಲ್ಲಿ ಓಡಿಸುವ ಡಾಕರ್ ಒಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ತಾನೇ, ಡೇಟಾಬೇಸ್‌ಗೆ ಕಾಂಪೋಸ್ ಫೈಲ್‌ನ ಸೇವೆಯ ಹೆಸರು ಬರೆಯಬೇಕು. ಪ್ಯಾಕೇಜ್‌ಗಳನ್ನು ಸರ್ವರ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐಯಿಂದ ಹಾಕಿ, ಲಾಕ್ ಫೈಲ್‌ನಲ್ಲಿದ್ದ ಆವೃತ್ತಿಗಳೇ ಬರುತ್ತವೆ. ಡಿಸ್ಕ್ ತುಂಬಿದ್ದರೆ ಲಾಗಿನ್ ಸೆಷನ್‌ನಿಂದ ಅಪ್‌ಲೋಡ್‌ವರೆಗೆ ಎಲ್ಲವೂ ವಿಚಿತ್ರವಾಗಿ ಸೋಲುತ್ತವೆ. ಡಿಎಫ್ ಆದೇಶದಿಂದ ಜಾಗವನ್ನೂ ಐನೋಡ್ (ಪ್ರತಿ ಫೈಲ್‌ಗೂ ಒಂದು ಬೇಕಾಗುವ ದಾಖಲೆ) ಸಂಖ್ಯೆಯನ್ನೂ ನೋಡಿ. ಜಾಗವಿದ್ದು ಐನೋಡ್ ಮುಗಿದಿರುವುದು ಸಣ್ಣ ಸೆಷನ್ ಫೈಲ್‌ಗಳು ಲಕ್ಷಗಟ್ಟಲೆ ಕೂಡಿದಾಗ ಆಗುತ್ತದೆ.

ಹೋದ ವಾರ ಸರಿಯಿತ್ತು, ಈಗಿಲ್ಲ, ಯಾವ ಬದಲಾವಣೆಯಿಂದ ಎಂದು ಗೊತ್ತಿಲ್ಲದಿದ್ದರೆ ಗಿಟ್ ಬೈಸೆಕ್ಟ್ ಬಳಸಿ. ಸರಿಯಿದ್ದ ಒಂದು ಕಮಿಟ್ (ಗಿಟ್‌ನಲ್ಲಿ ಉಳಿಸಿದ ಬದಲಾವಣೆ), ಕೆಟ್ಟ ಒಂದು ಕಮಿಟ್ ಹೇಳಿದರೆ ಅದು ನಡುವಿನದನ್ನು ತೆಗೆದುಕೊಡುತ್ತ ಹೋಗುತ್ತದೆ. 1000 ಕಮಿಟ್‌ಗಳಿದ್ದರೂ ಸುಮಾರು 10 ಪರೀಕ್ಷೆಯಲ್ಲಿ ತಪ್ಪಿನ ಕಮಿಟ್ ಸಿಗುತ್ತದೆ.

ಕೇಳುವಾಗ

ಇಷ್ಟು ನೋಡಿದ ಮೇಲೂ ಸಿಗದಿದ್ದರೆ ಕೇಳಲು ಸಂಕೋಚ ಬೇಡ. ಒಬ್ಬರೇ ಎರಡು ದಿನ ಕೂಡುವುದರಿಂದ ಯಾರಿಗೂ ಲಾಭವಿಲ್ಲ. ಸಂದೇಶ ಈ ರೀತಿ ಇರಲಿ:

“ನಮಸ್ಕಾರ್ರೀ. ದರ ಸೇರಿಸುವ ಫಾರಂನಲ್ಲಿ ಉಳಿಸು ಒತ್ತಿದರೆ 500 ಬರ್ತೈತಿ. ಕನ್ನಡದಾಗ ತಳಿ ಹೆಸರು ಬರದ್ರ ಮಾತ್ರ, ಇಂಗ್ಲಿಷ್‌ನ್ಯಾಗ ಬರದ್ರ ಉಳೀತದ. ಪಿಎಚ್‌ಪಿ 8.2, ಮೈಎಸ್‌ಕ್ಯುಎಲ್ 8. ಲಾಗ್‌ನಲ್ಲಿ ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ ಅಂತ ಐತಿ, ಪೂರ್ತಿ ಸಾಲು ಕೆಳಗ ಹಾಕೇನಿ. ಶೋ ಕ್ರಿಯೇಟ್ ಟೇಬಲ್ ಫಲಿತಾಂಶನೂ ಹಾಕೇನಿ. ಕನೆಕ್ಷನ್ ಚಾರ್‌ಸೆಟ್ ಬದಲಿಸಿ ನೋಡೀನಿ, ಫರಕ ಆಗಿಲ್ಲ.”

ಇದನ್ನು ಓದಿದವರು ಕಾಲಂನ ಚಾರ್‌ಸೆಟ್ ನೋಡಿ ಒಂದೇ ಸಾಲಿನಲ್ಲಿ ಉತ್ತರಿಸಬಲ್ಲರು. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬ ಎರಡು ಮಾತು ಎಲ್ಲಕ್ಕಿಂತ ಬೆಲೆಯುಳ್ಳವು. ಎರರ್ ಅನ್ನು ಪಠ್ಯವಾಗಿ ಕಳಿಸಿ. ಪರದೆಗೆ ಫೋನ್ ಹಿಡಿದು ತೆಗೆದ ಫೋಟೋದಿಂದ ಯಾರೂ ಕಾಪಿ ಮಾಡಿ ಹುಡುಕಲಾರರು. ಸಾವಿರ ಸಾಲಿನ ಫೈಲ್ ಬೇಡ, ದೋಷ ಉಳಿದುಕೊಂಡಿರುವಂತೆ ಕೋಡ್ ಕತ್ತರಿಸುತ್ತ ಹೋಗಿ ಇಪ್ಪತ್ತು ಸಾಲಿಗೆ ತನ್ನಿ. ಹೀಗೆ ಕತ್ತರಿಸುವಾಗಲೇ ಕಾರಣ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ.

ಪಾಸ್‌ವರ್ಡ್, ಎಪಿಐ ಕೀ, ಆಧಾರ್, ರೈತರ ಫೋನ್ ಸಂಖ್ಯೆಗಳನ್ನು ಅಳಿಸಿ ಕಳಿಸಿ. ಕರ್ಲ್ ಆಗಿ ಕಾಪಿ ಮಾಡಿದಾಗ ಅದರೊಳಗೆ ಲಾಗಿನ್ ಕುಕಿಯೂ ಬಂದಿರುತ್ತದೆ, ಅದನ್ನು ತೆಗೆಯಲು ಮರೆಯಬೇಡಿ. ಕೀ ಈಗಾಗಲೇ ಹೊರಗೆ ಹೋಗಿದ್ದರೆ ಸಂದೇಶ ಅಳಿಸಿದರೆ, ಗಿಟ್‌ನಿಂದ ತೆಗೆದರೆ ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುತ್ತದೆ. ಕೀಯನ್ನೇ ರದ್ದುಮಾಡಿ ಹೊಸದು ಪಡೆಯಿರಿ.

ಜೊತೆಗಾರರು ಕೊಟ್ಟ ಆದೇಶವನ್ನು ನೇರವಾಗಿ ಚಾಲ್ತಿ ಸರ್ವರ್‌ನಲ್ಲಿ ಓಡಿಸಬೇಡಿ, ಅವರು ಎಷ್ಟೇ ಬಲ್ಲವರಿರಲಿ. ಅವರಿಗೆ ನಿಮ್ಮ ಟೇಬಲ್ ಪೂರ್ತಿ ಕಂಡಿಲ್ಲ. ಆಲ್ಟರ್, ಅಪ್‌ಡೇಟ್, ಡಿಲೀಟ್ ಇದ್ದರೆ ಮೊದಲು ಮೈಎಸ್‌ಕ್ಯುಎಲ್‌ಡಂಪ್‌ನಿಂದ ಪ್ರತಿ ತೆಗೆದು, ಅದನ್ನು ಇನ್ನೊಂದು ಡೇಟಾಬೇಸ್‌ಗೆ ಹಿಂದಿರುಗಿಸಿ, ಕನ್ನಡದ ಒಂದು ಸಾಲಿಗೆ ಹೆಕ್ಸ್ ಹಚ್ಚಿ ಬೈಟ್ ಮೊದಲಿದ್ದಂತೆಯೇ ಇದೆಯೇ ನೋಡಿ. ಡಂಪ್ ತೆಗೆಯುವಾಗ ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಎಂದು ಕೊಡಿ. ಆ ಪ್ರತಿಯ ಮೇಲೆ ಆದೇಶ ಓಡಿಸಿ, ಎಷ್ಟು ಸಾಲು ಬದಲಾದವು ಎಂಬುದು ನೀವು ಎಣಿಸಿಟ್ಟ ಕೆಟ್ಟ ಸಾಲುಗಳ ಸಂಖ್ಯೆಗೆ ಹೊಂದಿದರೆ ಮಾತ್ರ ಚಾಲ್ತಿ ಸರ್ವರ್‌ಗೆ ಹೋಗಿ, ಸೋಮವಾರ, ಗುರುವಾರ ಬಿಟ್ಟು. ದೋಷ ನೀಗಿದ ಮೇಲೆ ಕಾರಣ ಏನಿತ್ತು, ಯಾವ ಸಾಲು ಬದಲಿಸಿದಿರಿ ಎಂಬುದನ್ನು ಸಹಾಯ ಮಾಡಿದವರಿಗೆ ಅದೇ ಸಂದೇಶದ ಕೆಳಗೆ ಬರೆದು ತಿಳಿಸಿ.